ಹೊಸ ಮೈ, ಹಳೇ ನಂಬರು

ಮೋಟಾರು ವಾಹನ ಎಂದರೆ ಯಾವುದು? 1988ರ ಮೋಟಾರು ವಾಹನ ಕಾಯಿದೆಯ ಎರಡನೆಯ ಕಲಮು ಇದಕ್ಕೆ ಉತ್ತರ ಕೊಡುವಾಗ ಒಂದು ಸಣ್ಣ ಮಾತನ್ನು ಸೇರಿಸುತ್ತದೆ. ಇನ್ನೂ ಬಾಡಿ ಕೂರಿಸದ ಚಾಸಿಯೂ ವಾಹನವೇ ಎನ್ನುತ್ತದೆ ಅದು. ಚಾಸಿ ಎಂದರೆ ಗಾಡಿಯ ಉಕ್ಕಿನ ಅಡಿಗಟ್ಟು. ಎಂಜಿನು, ಗೇರುಪೆಟ್ಟಿಗೆ, ಆಕ್ಸೆಲ್ಲು, ಚಕ್ರ ಎಲ್ಲವೂ ಅದನ್ನೇ ಆಶ್ರಯಿಸಿರುತ್ತವೆ. ಬಾನೆಟ್ಟು, ಬಾಗಿಲು, ಚಾವಣಿ, ಸೀಟುಗಳು ಆಮೇಲೆ ಬರುವ ಉಡುಪು. ಉಡುಪು ತೊಡುವ ಮೊದಲೂ ವಾಹನ ವಾಹನವೇ.

ಹಾಗಾದರೆ ಉಡುಪು ಬದಲಿಸಿದ ಮೇಲೂ ಅದು ಅದೇ ವಾಹನವೇ? ಐವತ್ತರ ದಶಕದ ಜೀಪೊಂದರ ಚಾಸಿಯ ಮೇಲೆ ನಿನ್ನೆ ಮೊನ್ನೆ ಮಾರುಕಟ್ಟೆಗೆ ಬಂದ ಗಾಡಿಯ ಬಾಡಿ ಕೂರಿಸಿದರೆ ಅದು ಹಳೆಯದೋ ಹೊಸದೋ? ಇದು ಬರಿಯ ತರ್ಕದ ಪ್ರಶ್ನೆಯಲ್ಲ, ಲಕ್ಷಾಂತರ ರೂಪಾಯಿಯ ಪ್ರಶ್ನೆ. ಈಚಿನ ವರ್ಷಗಳ ದರದಂತೆ ಕರ್ನಾಟಕದಲ್ಲಿ ಹತ್ತರಿಂದ ಇಪ್ಪತ್ತು ಲಕ್ಷ ರೂಪಾಯಿ ಬೆಲೆಯ ಖಾಸಗಿ ವಾಹನಕ್ಕೆ ಜೀವಿತಾವಧಿ ತೆರಿಗೆ ಶೇ 17. ಹದಿನೈದು ಲಕ್ಷದ ಗಾಡಿ ಕೊಂಡವರು ತೆರಿಗೆಯೊಂದಕ್ಕೇ ಎರಡೂವರೆ ಲಕ್ಷಕ್ಕೂ ಮಿಗಿಲಾಗಿ ತೆರಬೇಕು. ಅದರ ಮೇಲೆ ಸೆಸ್ ಬೇರೆ. ಹಳೆಯ ಜೀಪಿನ ಆರ್.ಸಿ. ಪುಸ್ತಕ ಇದ್ದವರಿಗೆ ಆ ತೊಂದರೆಯಿಲ್ಲ. ನೋಂದಣಿ ನವೀಕರಣದ ಶುಲ್ಕ, ಹಸಿರು ತೆರಿಗೆ ಕಟ್ಟಿದರೆ ಮುಗಿಯಿತು. ಈ ಎರಡು ಮೊತ್ತಗಳ ನಡುವಿನ ಅಂತರವೇ ‘ಹೊಸ ಮೈ, ಹಳೇ ನಂಬರು’ ಎಂಬ ಉಪಾಯದ ತಾಯಿ.

ಇಂಥ ಉಪಾಯಕ್ಕೆ ಬೇಕಾದ ಕೈಕೆಲಸ ಬೆಂಗಳೂರಿನಲ್ಲಿ, ಅದರಲ್ಲೂ ಊರಿನ ಪೂರ್ವ ಭಾಗದಲ್ಲಿ ಹೇಗೆ ನೆಲೆಯೂರಿತು ಎಂಬುದಕ್ಕೆ ಒಂದು ಚರಿತ್ರೆಯೇ ಇದೆ. ಅದು ತೆರಿಗೆ ತಪ್ಪಿಸುವ ಆಸೆಯಿಂದ ಹುಟ್ಟಿದ ವಿದ್ಯೆಯಲ್ಲ. ದಂಡು ಕಲಿಸಿದ ವಿದ್ಯೆ, ಅಭಾವ ಬೆಳೆಸಿದ ವಿದ್ಯೆ.

ದಂಡಿಗೆ ಬಂದ ಜೀಪು

ಶ್ರೀರಂಗಪಟ್ಟಣದ ಹವೆ ಒಗ್ಗದೆ ಬ್ರಿಟಿಷರ ಸೈನ್ಯ 1809ರಲ್ಲಿ ಹಲಸೂರಿನ ಆಸುಪಾಸಿಗೆ ಬಂದು ಬೀಡುಬಿಟ್ಟಿತು. ಪೇಟೆಯ ಜನ ಆ ಪ್ರದೇಶವನ್ನು ‘ದಂಡು’ ಎಂದೇ ಕರೆದರು. ಇಂದಿಗೂ ರೈಲು ನಿಲ್ದಾಣಕ್ಕೆ ಅದೇ ಹೆಸರು. ದಂಡಿನ ಸುತ್ತ ಅದಕ್ಕೆ ಬೇಕಾದ ಕಸುಬುಗಳೂ ಬೆಳೆದವು. ಕುದುರೆಗೆ ಲಾಳ ಕಟ್ಟುವವರು, ಸಾರೋಟು ರಿಪೇರಿ ಮಾಡುವವರು, ಜೀನು ಹೊಲಿಯುವವರು, ಕಮ್ಮಾರರು. ಆಗ ಬ್ಲ್ಯಾಕ್‌ಪಲ್ಲಿ ಎಂಬ ಹೆಸರಿದ್ದ ಇಂದಿನ ಶಿವಾಜಿನಗರ ಇಂಥ ಕಸುಬುದಾರರ, ವ್ಯಾಪಾರಿಗಳ ನೆಲೆಯಾಯಿತು. ಕುದುರೆ ಹೋಗಿ ಮೋಟಾರು ಬಂದಾಗ ಕಸುಬಿನ ಹೆಸರು ಬದಲಾಯಿತೇ ಹೊರತು ಬೇಡಿಕೆ ಕಡಿಮೆಯಾಗಲಿಲ್ಲ.

ಎರಡನೆಯ ಮಹಾಯುದ್ಧ ಈ ಬದಲಾವಣೆಗೆ ವೇಗ ತಂದಿತು. ವಾಲ್‌ಚಂದ್ ಹೀರಾಚಂದ್ 1940ರಲ್ಲಿ ಆರಂಭಿಸಿದ ಹಿಂದೂಸ್ತಾನ್ ವಿಮಾನ ಕಾರ್ಖಾನೆಯನ್ನು 1943ರಲ್ಲಿ ಅಮೆರಿಕದ ವಾಯುಪಡೆ ತನ್ನ ವಿಮಾನಗಳ ರಿಪೇರಿಗಾಗಿ ವಹಿಸಿಕೊಂಡಿತು. ಅದೇ ವರ್ಷ ಭಾರತೀಯ ಸೈನ್ಯದಲ್ಲಿ ವಿದ್ಯುತ್ ಮತ್ತು ಯಾಂತ್ರಿಕ ಎಂಜಿನಿಯರುಗಳ ಪಡೆ, ಅಂದರೆ ಇ.ಎಂ.ಇ., ರೂಪುಗೊಂಡಿತು. ಹಲಸೂರಿನ 515 ಆರ್ಮಿ ಬೇಸ್ ವರ್ಕ್‌ಷಾಪ್ ಇದೇ ಪಡೆಯದು. ಯುದ್ಧ ಮುಗಿದ ಮೇಲೆ ವಿಮಾನ ಕಾರ್ಖಾನೆ ಬಸ್ಸಿನ ಬಾಡಿಗಳನ್ನೂ ರೈಲು ಡಬ್ಬಿಗಳನ್ನೂ ಕಟ್ಟಿತು. ಕೃಷ್ಣರಾಜಪುರದ ಕಡೆ ದೂರವಾಣಿ ನಗರದಲ್ಲಿ 1948ರಲ್ಲಿ ಐ.ಟಿ.ಐ. ಬಂತು. ಬೈಯಪ್ಪನಹಳ್ಳಿಯಲ್ಲಿ ಎನ್.ಜಿ.ಇ.ಎಫ್., ಅದರಾಚೆ 1964ರಲ್ಲಿ ಬಿ.ಇ.ಎಂ.ಎಲ್. ಬಂದವು. ಹೀಗೆ ತಗಡು ಬಡಿಯುವ, ಬೆಸುಗೆ ಹಾಕುವ, ಲೇತ್ ಹಿಡಿಯುವ ಕೈಗಳು ಈ ದಿಕ್ಕಿನಲ್ಲಿ ತುಂಬಿಕೊಂಡವು.

ಇಷ್ಟರ ನಡುವೆ ಜೀಪು ಬಂತು. ಅಮೆರಿಕದ ಸೈನ್ಯಕ್ಕಾಗಿ ಬ್ಯಾಂಟಮ್ ಎಂಬ ಸಣ್ಣ ಕಂಪನಿ 1940ರ ಸೆಪ್ಟೆಂಬರಿನಲ್ಲಿ ಮೊದಲ ಮಾದರಿಯನ್ನು ಕಟ್ಟಿಕೊಟ್ಟಿತು. ಆದರೆ ಯುದ್ಧಕಾಲದ ಆರು ಲಕ್ಷಕ್ಕೂ ಮಿಕ್ಕ ಜೀಪುಗಳನ್ನು ತಯಾರಿಸಿದವರು ವಿಲ್ಲಿಸ್ ಮತ್ತು ಫೋರ್ಡ್. ಎರಡೂ ಕಂಪನಿಗಳು ಒಂದೇ ನಕ್ಷೆಯಂತೆ ಕಟ್ಟಿದ್ದರಿಂದ ವಿಲ್ಲಿಸ್‌ನ ಬಿಡಿಭಾಗ ಫೋರ್ಡಿಗೆ, ಫೋರ್ಡಿನದು ವಿಲ್ಲಿಸ್‌ಗೆ ಹೊಂದುತ್ತಿತ್ತು. ರಣರಂಗದಲ್ಲಿ ಕೆಟ್ಟುನಿಂತ ಎರಡು ಜೀಪುಗಳಿಂದ ಓಡುವ ಒಂದು ಜೀಪು ಮಾಡಬೇಕು ಎಂಬುದೇ ಇದರ ಉದ್ದೇಶ. ಅಂದರೆ ಬಿಚ್ಚುವುದು, ಬೆರೆಸುವುದು, ಮರಳಿ ಕಟ್ಟುವುದು ಜೀಪಿನ ಹುಟ್ಟಿನಲ್ಲೇ ಬಂದ ಗುಣ.

ಯುದ್ಧಾನಂತರ ಉಳಿದ ವಾಹನಗಳನ್ನು ಸರ್ಕಾರ ವಿಲೇವಾರಿ ಮಾಡಿತು. ‘ಡಿಸ್ಪೋಸಲ್ ಗಾಡಿ’ ಎಂಬ ಮಾತು ನಮ್ಮ ಆಡುನುಡಿಗೆ ಸೇರಿದ್ದು ಹೀಗೆ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳಿಗೆ ಇಂಥ ಜೀಪು ವರವಾಯಿತು. 1945ರಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಹುಟ್ಟಿದ ಮಹೀಂದ್ರ ಅಂಡ್ ಮಹಮದ್ ಕಂಪನಿ 1947ರಲ್ಲಿ ವಿಲ್ಲಿಸ್ ಜೀಪುಗಳ ಬಿಡಿಭಾಗ ತರಿಸಿ ಮುಂಬಯಿಯಲ್ಲಿ ಜೋಡಿಸತೊಡಗಿತು. ಪಾಲುದಾರ ಗುಲಾಂ ಮಹಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿ ಹಣಕಾಸು ಸಚಿವರಾದರು. 1948ರಲ್ಲಿ ಕಂಪನಿ ಮಹೀಂದ್ರ ಅಂಡ್ ಮಹೀಂದ್ರ ಆಯಿತು. ಮುಂದೆ ದಶಕಗಳ ಕಾಲ ನಮ್ಮ ಪಾಲಿಗೆ ಜೀಪು ಎಂದರೆ ಇದೇ. 1993ರ ಆರ್ಮಡಾ, 2000ದ ಬೊಲೆರೊ, 2010ರ ಥಾರ್ ಎಲ್ಲವೂ ಈ ವಂಶದ ಕುಡಿಗಳು.

ಗುಜರಿಯೂ ಗ್ಯಾರೇಜೂ

ಇಂದಿನ ತಲೆಮಾರಿಗೆ ನಂಬಲು ಕಷ್ಟವಾದೀತು, ಒಂದು ಕಾಲದಲ್ಲಿ ಹೊಸ ವಾಹನಕ್ಕೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಲೈಸೆನ್ಸ್ ರಾಜ್ಯದ ಆ ದಿನಗಳಲ್ಲಿ ಇದ್ದ ಗಾಡಿಯನ್ನೇ ಬಾಳಿಸುವುದು ಜಾಣತನ ಮಾತ್ರವಲ್ಲ, ಅನಿವಾರ್ಯ. ಜೀಪಿನ ಚಾಸಿ ಗಟ್ಟಿ, ಬಾಡಿಯ ತಗಡಿಗೆ ಮಾತ್ರ ಮಲೆನಾಡಿನ ಮಳೆ ಶತ್ರು. ನೆಲಹಾಸು ತುಕ್ಕು ಹಿಡಿದು ತೂತಾದಾಗ ಗಾಡಿಯನ್ನೇ ಬಿಸಾಡುವವರು ಯಾರು? ಬಾಡಿ ಬಿಚ್ಚಿ ಬೇರೆ ಕಟ್ಟಿಸಿದರಾಯಿತು. ಲಾರಿಗೆ ಚಾಸಿ ಕೊಂಡು ಬಾಡಿಯನ್ನು ಊರಿನ ಮೇಸ್ತ್ರಿಯಿಂದ ಕಟ್ಟಿಸುವುದು ನಮ್ಮಲ್ಲಿ ರೂಢಿಯೇ ಆಗಿದ್ದಾಗ ಜೀಪಿಗೆ ಹಾಗೆ ಮಾಡುವುದರಲ್ಲಿ ಯಾರಿಗೂ ವಿಚಿತ್ರ ಕಾಣಲಿಲ್ಲ.

ಈ ಕೆಲಸಕ್ಕೆ ಬೇಕಾದ ಎಲ್ಲವೂ ದಂಡಿನ ಆಸುಪಾಸಿನಲ್ಲಿತ್ತು. ಶಿವಾಜಿನಗರದ ಓಣಿಗಳಲ್ಲಿ ಹಳೆಯ ವಾಹನ ಬಿಚ್ಚಿ ಭಾಗಗಳನ್ನು ಬಿಡಿಬಿಡಿಯಾಗಿ ಮಾರುವ ಗುಜರಿ ವ್ಯಾಪಾರ ದಶಕಗಳಿಂದ ನಡೆದಿದೆ. ಕಂಪನಿ ತಯಾರಿಕೆ ನಿಲ್ಲಿಸಿದ ಗೇರುಪೆಟ್ಟಿಗೆ, ಸ್ಟಿಯರಿಂಗ್, ಬಾಗಿಲು ಹುಡುಕಿಕೊಂಡು ಹೊರ ಜಿಲ್ಲೆಗಳಿಂದ ಜನ ಬರುತ್ತಾರೆ. ಗುಜರಿಯವನ ಕೈಗೆ ಗಾಡಿ ಶವವಾಗಿ ಬರುತ್ತದೆ, ಅಂಗಾಂಗಗಳಾಗಿ ಹೋಗುತ್ತದೆ. ಗ್ಯಾರೇಜಿನ ಟಿಂಕರಿಂಗ್ ಮೇಸ್ತ್ರಿ ಆ ಅಂಗಗಳಿಂದ ಇನ್ನೊಂದು ಗಾಡಿಗೆ ಜೀವ ತುಂಬುತ್ತಾನೆ. ಸುತ್ತಿಗೆ, ಡಾಲಿ, ಗ್ಯಾಸ್ ಬೆಸುಗೆ ಇಷ್ಟೇ ಸಲಕರಣೆಯಿಂದ ಚಪ್ಪಟೆ ತಗಡನ್ನು ಬಾನೆಟ್ಟಿನ ಆಕಾರಕ್ಕೆ ತರುವ ಈ ವಿದ್ಯೆಗೆ ಶಾಲೆಯಿಲ್ಲ. ಹುಡುಗನಾಗಿ ಸೇರಿ ಸ್ಪ್ಯಾನರ್ ಎತ್ತಿಕೊಡುತ್ತ ಕಲಿತವರೇ ಮುಂದೆ ಮೇಸ್ತ್ರಿಗಳಾದರು.

ಬೆರೆಸುವ ಕೆಲಸಕ್ಕೆ ಪೆಟ್ರೋಲಿನ ಬೆಲೆಯೂ ಒತ್ತಾಸೆ ಕೊಟ್ಟಿತು. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲ್ ಜೀಪುಗಳಿಗೆ ಡೀಸೆಲ್ ಎಂಜಿನ್ ಕೂರಿಸುವುದು ಸಾಮಾನ್ಯವಾಯಿತು. ಜಬಲ್‌ಪುರದ ಕಾರ್ಖಾನೆಯಲ್ಲಿ ಸೈನ್ಯಕ್ಕಾಗಿ 1969ರಿಂದ ತಯಾರಾದ ಜೋಂಗಾ ವಾಹನದ್ದು ಸುಮಾರು ನಾಲ್ಕು ಲೀಟರ್ ಗಾತ್ರದ ಪೆಟ್ರೋಲ್ ಎಂಜಿನು. ಹರಾಜಿನಲ್ಲಿ ಅದನ್ನು ಹಿಡಿದವರಿಗೆ ಅದರ ಹಸಿವು ತಣಿಸುವುದೇ ಕಷ್ಟ. ಎಂಜಿನು ತೆಗೆದು ಡೀಸೆಲ್ ಹಾಕಿಸಿದರೆ ಮಾತ್ರ ಗಾಡಿ ಅಂಗಳದಿಂದ ಹೊರಬೀಳುತ್ತಿತ್ತು.

ಇದೆಲ್ಲ ನಮ್ಮ ಊರಿನ ವಿಶೇಷವೆಂದು ಬೀಗಬೇಕಾಗಿಲ್ಲ. ಹರಿಯಾಣದ ಮಂಡಿ ದಬ್ವಾಲಿ ಡಿಸ್ಪೋಸಲ್ ಜೀಪುಗಳನ್ನು ಮರುಕಟ್ಟುವುದಕ್ಕೆ ದೇಶಕ್ಕೇ ಹೆಸರಾದ ಊರು. ಇಂಗ್ಲೆಂಡಿನ ಪ್ರಖ್ಯಾತ ಲ್ಯಾಂಡ್ ರೋವರ್ ಕೂಡ ಹುಟ್ಟಿದ್ದು ಹೀಗೆಯೇ. 1947ರಲ್ಲಿ ರೋವರ್ ಕಂಪನಿಯ ಎಂಜಿನಿಯರುಗಳು ಕಟ್ಟಿದ ಮೊದಲ ಮಾದರಿಯ ಅಡಿಯಲ್ಲಿದ್ದುದು ಜೀಪಿನ ಚಾಸಿ!

ವಿಕ್ರಮನ ಉತ್ತರ, ಕಾನೂನಿನ ಉತ್ತರ

ಬೇತಾಳ ಕಥೆಗಳಲ್ಲಿ ತಲೆ ಅದಲುಬದಲಾದ ಕಥೆಯೊಂದಿದೆ. ಗಂಡನ ತಲೆ ಇನ್ನೊಬ್ಬನ ಮುಂಡಕ್ಕೆ, ಇನ್ನೊಬ್ಬನ ತಲೆ ಗಂಡನ ಮುಂಡಕ್ಕೆ ಕೂಡಿಕೊಂಡಾಗ ಹೆಂಡತಿಗೆ ಗಂಡ ಯಾರು ಎಂಬುದು ಬೇತಾಳನ ಪ್ರಶ್ನೆ. ತಲೆ ಯಾರದೋ ಅವನೇ ಗಂಡ ಎಂದು ವಿಕ್ರಮ ಉತ್ತರಿಸುತ್ತಾನೆ. ಗಿರೀಶ ಕಾರ್ನಾಡರು ‘ಹಯವದನ’ದಲ್ಲಿ ಕೈಗೆತ್ತಿಕೊಂಡದ್ದು ಇದೇ ಸಮಸ್ಯೆಯನ್ನು.

ಆರ್.ಟಿ.ಒ. ಕಚೇರಿಯಲ್ಲಿ ಚಾಸಿಯೇ ತಲೆ. ಕೇಂದ್ರ ಮೋಟಾರು ವಾಹನ ನಿಯಮಗಳಂತೆ ಚಾಸಿಯ ಮೇಲೆ ಅದರ ಸಂಖ್ಯೆಯನ್ನು ಅಚ್ಚೊತ್ತಿರಬೇಕು. ಇನ್‌ಸ್ಪೆಕ್ಟರು ಪೆನ್ಸಿಲ್ ಉಜ್ಜಿ ಕಾಗದದ ಮೇಲೆ ಮೂಡಿಸಿಕೊಳ್ಳುವುದು ಆ ಸಂಖ್ಯೆಯನ್ನೇ. ಎಂಜಿನು ಬದಲಾಗಬಹುದು, ಬಣ್ಣ ಬದಲಾಗಬಹುದು, ಮಾಲೀಕರು ಹತ್ತು ಮಂದಿ ಬದಲಾಗಬಹುದು. ‘ಎಂವೈ’ ಎಂದು ಆರಂಭವಾಗುವ ಹಳೆಯ ಮೈಸೂರು ರಾಜ್ಯದ ನಂಬರಾಗಲಿ, ಇಂದಿರಾನಗರದ ಕಡೆಯ ‘ಕೆಎ 03’, ಕೃಷ್ಣರಾಜಪುರದ ‘ಕೆಎ 53’ ಆಗಲಿ, ಬೆನ್ನಿಗೆ ನಿಂತಿರುವುದು ಚಾಸಿಯ ಮೇಲಿನ ಆ ಅಚ್ಚು.

ಮೈ ಬದಲಿಸುವುದನ್ನು ಕಾನೂನು ಮೊದಲಿನಿಂದಲೂ ಹಗುರವಾಗಿ ಕಂಡಿರಲಿಲ್ಲ, ಆದರೆ ಪೂರ್ತಿ ಬಾಗಿಲು ಹಾಕಿಯೂ ಇರಲಿಲ್ಲ. 1939ರ ಕಾಯಿದೆಯಲ್ಲೂ 1988ರ ಕಾಯಿದೆಯ ಮೂಲರೂಪದಲ್ಲೂ ಮಾಲೀಕ ನೋಂದಣಿ ಅಧಿಕಾರಿಗೆ ಮುಂಚಿತವಾಗಿ ತಿಳಿಸಿ ಒಪ್ಪಿಗೆ ಪಡೆದು ವಾಹನವನ್ನು ಮಾರ್ಪಡಿಸಬಹುದಿತ್ತು. ತೂಕದಲ್ಲಿ ಶೇಕಡ ಎರಡರೊಳಗಿನ ವ್ಯತ್ಯಾಸಕ್ಕೆ ಒಪ್ಪಿಗೆಯೂ ಬೇಕಿರಲಿಲ್ಲ. ಆರ್.ಸಿ. ಪುಸ್ತಕ ಗಾಡಿಯ ನಿಜಸ್ಥಿತಿಯನ್ನು ಹೇಳಬೇಕು ಎಂಬುದಷ್ಟೇ ಆಗಿನ ನೋಟ. 2000ದ ತಿದ್ದುಪಡಿ ಈ ನೋಟವನ್ನೇ ಬದಲಿಸಿತು. ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ವ್ಯತಿರಿಕ್ತವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು ಎಂದಿತು 52ನೆಯ ಕಲಮು. ಅಂದರೆ ಮೊದಲು ಪುಸ್ತಕ ಗಾಡಿಯನ್ನು ಅನುಸರಿಸುತ್ತಿತ್ತು, ಆಮೇಲೆ ಗಾಡಿ ಪುಸ್ತಕವನ್ನು ಅನುಸರಿಸಬೇಕಾಯಿತು.

ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿ 9ರಂದು ಈ ಅರ್ಥವನ್ನೇ ಎತ್ತಿಹಿಡಿಯಿತು. ಬಣ್ಣ ಬದಲಿಸುವಂಥ ಸಣ್ಣಪುಟ್ಟ ಬದಲಾವಣೆ ಬೇರೆ, ವಾಹನದ ರಚನೆಯನ್ನೇ ಬದಲಿಸುವುದು ಬೇರೆ. ಅದೇ ವರ್ಷದ ತಿದ್ದುಪಡಿ, ಅಕ್ರಮ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆ ಅಥವಾ ಪ್ರತಿ ಮಾರ್ಪಾಡಿಗೆ ಐದು ಸಾವಿರ ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿತು.

ಸತ್ತ ಗಾಡಿಯ ಬದುಕಿದ ಕಾಗದ

ಕಾನೂನು ಹೀಗೆ ಬಿಗಿಯಾದ ಕಾಲದಲ್ಲೇ ಹಳೆಯ ನಂಬರಿನ ಆಕರ್ಷಣೆಯೂ ಏರಿತೆಂಬುದು ವಿಚಿತ್ರ. ಕಾರಣ ತೆರಿಗೆಯ ಸ್ವರೂಪ. 1957ರ ಮೋಟಾರು ವಾಹನ ತೆರಿಗೆ ಕಾಯಿದೆಯಂತೆ ಮೊದಮೊದಲು ಮಾಲೀಕರು ಕಾಲಕಾಲಕ್ಕೆ ತೆರಿಗೆ ಕಟ್ಟುತ್ತ ಹೋಗುತ್ತಿದ್ದರು. ಆಗ ಹಳೆಯ ಜೀಪಿಗೂ ಹೊಸ ಜೀಪಿಗೂ ಅಂಥ ಅಜಗಜಾಂತರವಿರಲಿಲ್ಲ. ಬೆಲೆಯ ಶೇಕಡಾವಾರು ಲೆಕ್ಕದಲ್ಲಿ ಒಂದೇ ಕಂತಿನ ಜೀವಿತಾವಧಿ ತೆರಿಗೆ ಬಂದ ಮೇಲೆ ಭಾರವೆಲ್ಲ ಹೊಸ ವಾಹನದ ಮೇಲೆ ಬಿತ್ತು. ವಾಹನಕ್ಕೆ ವಯಸ್ಸಾದಂತೆ ದರ ಇಳಿಯುವ ವ್ಯವಸ್ಥೆಯೂ ಅದರಲ್ಲೇ ಇದೆ. ಎಷ್ಟು ಹಳೆಯದೋ ಅಷ್ಟು ಅಗ್ಗ.

ಇನ್ನು ಕೆಲಸ ನಡೆಯುವ ಬಗೆ ನೋಡೋಣ. ಯುದ್ಧಕಾಲದ ಜೀಪಿನ ಮುಂದಿನ ಮತ್ತು ಹಿಂದಿನ ಆಕ್ಸೆಲ್ಲುಗಳ ನಡುವಿನ ಅಂತರ 80 ಅಂಗುಲ, ಅಂದರೆ 2,032 ಮಿಲಿಮೀಟರ್. 2010ರ ಥಾರ್‌ನಲ್ಲಿ ಅದು 2,430 ಮಿಲಿಮೀಟರ್. ಸುಮಾರು ಒಂದೂಕಾಲು ಅಡಿಗಿಂತಲೂ ಹೆಚ್ಚಿನ ವ್ಯತ್ಯಾಸ. ಹೊಸ ಬಾಡಿ ಹಳೆಯ ಚಾಸಿಗೆ ಹಾಗೆಯೇ ಕೂರುವುದಿಲ್ಲ ಎಂಬುದಕ್ಕೆ ಇಷ್ಟು ಲೆಕ್ಕ ಸಾಕು. ಒಂದೋ ಚಾಸಿಯನ್ನು ಕತ್ತರಿಸಿ, ನಡುವೆ ಉಕ್ಕಿನ ತುಂಡು ಬೆಸೆದು ಉದ್ದ ಮಾಡಬೇಕು. ಇಲ್ಲವೇ ಉದ್ದನೆಯ ಬೇರೊಂದು ಚಾಸಿ ತಂದು ಹಳೆಯದರ ಸಂಖ್ಯೆಯಿರುವ ತುಂಡನ್ನಷ್ಟೇ ಅದಕ್ಕೆ ಬೆಸೆಯಬೇಕು. ಮೊದಲನೆಯದು ಅಕ್ರಮ ಮಾರ್ಪಾಡು. ಎರಡನೆಯದು ಶುದ್ಧ ಫೋರ್ಜರಿ. ಅಲ್ಲಿ ಹಳೆಯ ಜೀಪಿನದೆಂದು ಉಳಿಯುವುದು ಅಂಗೈ ಅಗಲದ ಉಕ್ಕು ಮತ್ತು ಒಂದು ಪುಸ್ತಕ.

ವಾಹನ ನಾಶವಾದರೆ ಅಥವಾ ಶಾಶ್ವತವಾಗಿ ನಿರುಪಯುಕ್ತವಾದರೆ ಮಾಲೀಕ ಹದಿನಾಲ್ಕು ದಿನದೊಳಗೆ ನೋಂದಣಿ ಅಧಿಕಾರಿಗೆ ತಿಳಿಸಿ ಪುಸ್ತಕ ಒಪ್ಪಿಸಬೇಕೆಂದು ಕಾಯಿದೆಯ 55ನೆಯ ಕಲಮು ಹೇಳುತ್ತದೆ. ಹಾಗೆ ಒಪ್ಪಿಸದೆ ಉಳಿದ ಪುಸ್ತಕವೇ ಈ ವ್ಯಾಪಾರದ ಬಂಡವಾಳ. ಗಾಡಿ ಗುಜರಿಯಲ್ಲಿ ಚೂರಾಗಿರುತ್ತದೆ, ಕಾಗದದ ಮೇಲೆ ಮಾತ್ರ ಚಿರಂಜೀವಿ. 2021ರ ವಾಹನ ಗುಜರಿ ನಿಯಮಗಳಡಿ ನೋಂದಾಯಿತ ಕೇಂದ್ರಗಳಲ್ಲಿ ಗಾಡಿ ಒಡೆಯುವಾಗ ಚಾಸಿ ಸಂಖ್ಯೆಯ ತುಂಡನ್ನು ಕತ್ತರಿಸಿ ಪ್ರತ್ಯೇಕವಾಗಿ ಜೋಪಾನ ಮಾಡಬೇಕೆಂದು ವಿಧಿಸಿರುವುದು ಈ ಅಪಾಯವನ್ನು ಬಲ್ಲುದರಿಂದಲೇ.

ಆಂಗ್ಲರ ಅಂಕಪಟ್ಟಿ

ಬ್ರಿಟನ್ನಿನಲ್ಲಿ ಇದೇ ಆಟ ಬೇರೆ ರೂಪದಲ್ಲಿ ನಡೆಯಿತು. ಅಲ್ಲಿ 1973ರ ಜನವರಿ 1ಕ್ಕೆ ಮುಂಚೆ ತಯಾರಾದ ವಾಹನಗಳಿಗೆ ರಸ್ತೆ ತೆರಿಗೆಯಿಲ್ಲ ಎಂಬ ನಿಯಮ ಬಹುಕಾಲ ಇತ್ತು. 2014ರಿಂದ ನಲವತ್ತು ವರ್ಷ ತುಂಬಿದ ವಾಹನಗಳಿಗೆ ವರ್ಷವರ್ಷವೂ ಆ ರಿಯಾಯಿತಿ ವಿಸ್ತರಿಸುತ್ತ ಬಂತು. 1970ರಲ್ಲಿ ಬಂದ ರೇಂಜ್ ರೋವರ್ ಮತ್ತು 1989ರಲ್ಲಿ ಬಂದ ಡಿಸ್ಕವರಿ ಎರಡಕ್ಕೂ ಆಕ್ಸೆಲ್ ಅಂತರ 100 ಅಂಗುಲವೇ. ನಮ್ಮ ಜೀಪಿನ ಹಾಗೆ ಕತ್ತರಿಸುವ ಗೋಜಿಲ್ಲ. ಎಪ್ಪತ್ತರ ದಶಕದ ಚಾಸಿಯ ಮೇಲೆ ಹೊಸ ಮೈ ಕೂರಿಸಿ ತೆರಿಗೆಯಿಲ್ಲದೆ ಓಡಿಸುವ ಆಸೆ ಕೆಲವರಿಗೆ ಬಂದದ್ದು ಸಹಜ.

ಅಲ್ಲಿನ ವಾಹನ ಇಲಾಖೆ ಇದಕ್ಕೊಂದು ಅಂಕಪಟ್ಟಿ ಮಾಡಿತು. ಮೂಲ ಚಾಸಿಗೆ ಐದು ಅಂಕ. ಸಸ್ಪೆನ್ಷನ್, ಆಕ್ಸೆಲ್, ಗೇರುಪೆಟ್ಟಿಗೆ, ಸ್ಟಿಯರಿಂಗ್‌ಗಳಿಗೆ ಎರಡೆರಡು. ಎಂಜಿನಿಗೆ ಒಂದೇ ಒಂದು. ಎಂಟು ಅಂಕ ಬಂದರೆ ಹಳೆಯ ನಂಬರು ಉಳಿಯುತ್ತಿತ್ತು, ಆದರೆ ಚಾಸಿಯ ಐದು ಅಂಕ ಕಡ್ಡಾಯವಾಗಿತ್ತು. ಬಾಡಿಗೆ ಎಷ್ಟು ಅಂಕ? ಸೊನ್ನೆ. ಚಾಸಿಯನ್ನು ಕತ್ತರಿಸಿದ್ದರೆ ಹಳೆಯ ನಂಬರು ಹೋಗಿ, ವಯಸ್ಸು ಗೊತ್ತಿಲ್ಲದ ವಾಹನಕ್ಕೆ ಕೊಡುವ ‘ಕ್ಯೂ’ ಅಕ್ಷರದ ನಂಬರು ಬೀಳುತ್ತಿತ್ತು. ಮೈ ಬದಲಿಸುವುದಕ್ಕೆ ಅಡ್ಡಿಯಿಲ್ಲ, ಬೆನ್ನೆಲುಬು ಮುರಿಯಕೂಡದು ಎಂಬುದು ಅದರ ತಿರುಳು. ನಮ್ಮ ಕಾನೂನು ಮೈಯನ್ನೂ ಬೆನ್ನೆಲುಬನ್ನೂ ಒಂದೇ ಉಸಿರಿನಲ್ಲಿ ನಿಷೇಧಿಸಿತು. ಎರಡರ ನಡುವೆ ವ್ಯತ್ಯಾಸ ಮಾಡಲಿಲ್ಲ.

ನಷ್ಟ ಯಾರದು?

ಸರ್ಕಾರಕ್ಕೆ ತೆರಿಗೆ ನಷ್ಟ ಎಂಬುದು ಎದ್ದು ಕಾಣುವ ಮಾತು. ಅದಕ್ಕಿಂತ ದೊಡ್ಡ ನಷ್ಟಗಳು ಬೇರೆ ಇವೆ.

ಮೊದಲನೆಯದು ಜೀವದ ಪ್ರಶ್ನೆ. ಯುದ್ಧಕಾಲದ ಜೀಪಿನ ತೂಕ ಒಂದು ಟನ್ನಿಗಿಂತ ತುಸು ಹೆಚ್ಚು, ಎಂಜಿನಿನ ಶಕ್ತಿ 60 ಅಶ್ವಶಕ್ತಿ, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಅದರ ಮೇಲೆ ಭಾರದ ಬಾಡಿ, ಅಗಲ ಟೈರು, ಇಮ್ಮಡಿ ಶಕ್ತಿಯ ಎಂಜಿನು ಹೇರಿ ಬೆಸುಗೆಯ ಚಾಸಿಯನ್ನು ಹಳೇ ಮದ್ರಾಸ್ ರಸ್ತೆಯ ಸೇತುವೆಗಳ ಮೇಲೆ ಓಡಿಸಿದರೆ ಏನಾಗಬಹುದೆಂದು ಹೇಳಲು ಎಂಜಿನಿಯರೇ ಬೇಕಿಲ್ಲ. ‘ಮೇಲೆ ಥಳಕು, ಒಳಗೆ ಹುಳುಕು’ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಅಪಘಾತವಾದಾಗ ಪುಸ್ತಕದಲ್ಲಿರುವ ಗಾಡಿಯೇ ಬೇರೆ, ರಸ್ತೆಯಲ್ಲಿರುವುದೇ ಬೇರೆ ಎಂದು ವಿಮಾ ಕಂಪನಿ ತಕರಾರು ತೆಗೆದರೆ ನೋಯುವವನು ಗಾಡಿಯ ಮಾಲೀಕ ಮಾತ್ರವಲ್ಲ, ಪೆಟ್ಟು ತಿಂದ ದಾರಿಹೋಕನೂ ಹೌದು.

ಎರಡನೆಯದು ಚರಿತ್ರೆಯ ನಷ್ಟ. ಹೀಗೆ ಕಟ್ಟಿದ ಪ್ರತಿ ಹೊಸ ಗಾಡಿಯ ಹಿಂದೆ ಸತ್ತ ಒಂದು ಹಳೆಯ ಜೀಪಿದೆ. ತೋಟದ ಶೆಡ್ಡಿನಲ್ಲಿ ತುಕ್ಕು ತಿನ್ನುತ್ತಿದ್ದರೂ ತನ್ನದೇ ಬಾನೆಟ್ಟು, ತನ್ನದೇ ಚಾಸಿ ಇರುವ ಜೀಪು ಒಂದು ದಾಖಲೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳು ಐವತ್ತು ವರ್ಷ ದಾಟಿದ ಖಾಸಗಿ ವಾಹನಗಳನ್ನು ‘ವಿಂಟೇಜ್’ ಎಂದು ಗುರುತಿಸಿ, ‘ವಿಎ’ ಅಕ್ಷರಗಳುಳ್ಳ ನಂಬರನ್ನು ಹತ್ತು ವರ್ಷಕ್ಕೆ ಕೊಡುತ್ತವೆ. ಹೊಸದಾಗಿ ನೋಂದಾಯಿಸಲು ಶುಲ್ಕ ಇಪ್ಪತ್ತು ಸಾವಿರ ರೂಪಾಯಿ. ಮೊದಲೇ ನೋಂದಾಯಿತವಾದವು ತಮ್ಮ ಹಳೆಯ ನಂಬರನ್ನೇ ಇಟ್ಟುಕೊಳ್ಳಬಹುದು. ಆದರೆ ಚಾಸಿ, ಬಾಡಿ, ಎಂಜಿನುಗಳಲ್ಲಿ ಗಣನೀಯ ಬದಲಾವಣೆ ಆಗಿರಕೂಡದು ಎಂಬುದು ಷರತ್ತು. ತೆರಿಗೆ ಉಳಿಸಲು ಹಳೆಯ ಜೀಪನ್ನು ಕತ್ತರಿಸಿದವರು ಈ ಗೌರವವನ್ನೂ ಕತ್ತರಿಸಿಕೊಂಡಂತಾಯಿತು. ಇವತ್ತು ಮೂಲರೂಪದ ವಿಲ್ಲಿಸ್ ಜೀಪಿಗೆ ಸಂಗ್ರಾಹಕರು ಕೊಡುವ ಬೆಲೆ ನೋಡಿದರೆ, ಅವರು ಹಣದ ಲೆಕ್ಕದಲ್ಲೂ ಸೋತವರೇ.

ಮೂರನೆಯದು ಕಸುಬಿನ ನಷ್ಟ. ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ. ದಂಡಿನ ಓಣಿಗಳ ಮೇಸ್ತ್ರಿಗಳ ಕೈಯಲ್ಲಿರುವುದು ಅಪರೂಪದ ವಿದ್ಯೆ. ಸತ್ತ ಜೀಪನ್ನು ಅದರದೇ ರೂಪದಲ್ಲಿ ಮತ್ತೆ ಎಬ್ಬಿಸಬಲ್ಲವರು ಇವರು. ಸುಳ್ಳು ನಂಬರಿಗೆ ಮೈ ಕಟ್ಟಿಕೊಡುವ ಕೆಲಸ ಹೆಚ್ಚಿದಷ್ಟೂ ಇಡೀ ಕಸುಬಿನ ಮೇಲೆ ಪೊಲೀಸರ ಸಂಶಯದ ಕಣ್ಣು ಬೀಳುತ್ತದೆ. ಪ್ರಾಮಾಣಿಕ ಗ್ಯಾರೇಜಿಗೂ ಕಳ್ಳ ಗ್ಯಾರೇಜಿಗೂ ವ್ಯತ್ಯಾಸ ಅಳಿಸಿಹೋಗುತ್ತದೆ.

ದಾರಿ ಇಲ್ಲದಿಲ್ಲ. ಚಾಸಿ ಮುರಿಯದೆ ಬಾಡಿ ಮಾತ್ರ ಬದಲಿಸಿದ ಹಳೆಯ ವಾಹನವನ್ನು ತಜ್ಞರಿಂದ ಪರೀಕ್ಷಿಸಿ, ಬದಲಾವಣೆಯನ್ನು ಪುಸ್ತಕದಲ್ಲಿ ನಮೂದಿಸಿ, ಹೊಸ ಬಾಡಿಯ ಬೆಲೆಗೆ ತಕ್ಕ ತೆರಿಗೆ ಹಾಕುವ ವ್ಯವಸ್ಥೆ ಬಂದರೆ ಕದ್ದುಮುಚ್ಚಿ ಮಾಡುವ ಕೆಲಸಕ್ಕೆ ಲಾಭವೇ ಉಳಿಯದು. 1939ರ ಕಾಯಿದೆಯಲ್ಲಿದ್ದ ‘ತಿಳಿಸಿ, ಒಪ್ಪಿಗೆ ಪಡೆದು’ ಎಂಬ ಮಾತಿನಲ್ಲಿ ಇಂಥದೊಂದು ವಿವೇಕವಿತ್ತು. ನಂಬರಿಗೆ ಬೆಲೆ ಬಂದಾಗ ಜೀಪುಗಳು ಗುಜರಿಗೆ ಹೋದವು. ಜೀಪಿಗೇ ಬೆಲೆ ಬಂದರೆ ಅವು ಗ್ಯಾರೇಜಿಗೆ ಬರುತ್ತವೆ. ಬಂದಾಗ ಅವನ್ನು ಮತ್ತೆ ರಸ್ತೆಗಿಳಿಸುವ ಮೇಸ್ತ್ರಿಗಳು ಉಳಿದಿರಬೇಕಷ್ಟೆ.